ಬಾರಿಗೆ ಹೋದ ಅಡುಗೆ ಪುಸ್ತಕ

ನಾನು ಕುಡಿಯುವವನಲ್ಲ. ಆದರೂ ವಾರಕ್ಕೆರಡು ಸಲ ಬಾರಿಗೆ ಹೋಗುತ್ತೇನೆ. ಬಾದಾಮಿಯಲ್ಲಿ ಈ ಎರಡು ಮಾತನ್ನೂ ಒಟ್ಟಿಗೆ ನಂಬುವವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಸ್ಟೇಶನ್ ರಸ್ತೆಯ ಸಂಗಪ್ಪನ ಬಾರಿನಲ್ಲಿ ಒಂದು ಗೋಡೆ ಬಾಟಲಿಗಳದು, ಎದುರಿನದು ಹಳೆಯ ಪುಸ್ತಕಗಳದು. ಗುಹೆ ನೋಡಲು ಬಂದ ಪ್ರವಾಸಿಗರು ಬಿಟ್ಟುಹೋದ ನಾಲ್ಕು ಪುಸ್ತಕಗಳಿಂದ ಶುರುವಾದದ್ದು ಈಗ ಸೂರು ಮುಟ್ಟಿದೆ. ಎರಡು ಪುಸ್ತಕ ಕೊಟ್ಟರೆ ಒಂದನ್ನು ಒಯ್ಯಬಹುದು. ಖಾಲಿ ಬಾಟಲಿಗೂ ಈ ಸವಲತ್ತು ಬೇಕೆಂಬುದು ಉಳಿದ ಗಿರಾಕಿಗಳ ತಕರಾರು.

ನನ್ನ ಚಟ ಬೇರೆ. ವರ್ಷ ಮುಗಿದ ಕ್ಯಾಲೆಂಡರಿನ ಹಾಳೆಯ ಬಿಳಿ ಬದಿ ಹೊರಗೆ ಮಾಡಿ ಮನೆಯ ಎಲ್ಲ ಪುಸ್ತಕಗಳಿಗೂ ಹೊದಿಕೆ ಹಾಕುತ್ತೇನೆ. ಹೆಸರು ಬರೆಯುವ ಕೆಲಸ ಮಾತ್ರ ಯಾವಾಗಲೂ ಮುಂದಿನ ಭಾನುವಾರಕ್ಕೆ. ಹೀಗಾಗಿ ಸಂಗಪ್ಪನಿಗೆ ಬದಲಿಗೆಂದು ಕೊಟ್ಟ ಪುಸ್ತಕಗಳ ಗಂಟಿನಲ್ಲಿ, ಗಿರಿಜಾಳ ತೀರಿಹೋದ ಅವ್ವ ಮಗಳಿಗೆಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಅಡುಗೆಯ ನೋಟ್‌ಬುಕ್ಕೂ ಹೋಗಿಬಿಟ್ಟಿತು. ಗಿರಿಜಾಗೆ ಅದೆಲ್ಲ ಬಾಯಿಪಾಠ. ಆದರೂ ಹಬ್ಬ ಬಂತೆಂದರೆ ತೆರೆದು ಒಲೆಯ ಪಕ್ಕ ಇಟ್ಟುಕೊಳ್ಳುತ್ತಾಳೆ. ಅವ್ವನ ಅಕ್ಷರ ಎದುರಿಗಿರಬೇಕು. ಕಪಾಟಿನಲ್ಲಿ ಅದು ಇಲ್ಲವೆಂದು ನನಗೆ ಗೊತ್ತಾದಾಗ ನಾಗರಪಂಚಮಿಗೆ ಎರಡೇ ದಿನ ಉಳಿದಿತ್ತು.

ಬೆಳಿಗ್ಗೆ ಹತ್ತಕ್ಕೇ ಬಾರಿನಲ್ಲಿದ್ದೆ. “ಆ ನೋಟ್‌ಬುಕ್ ಹೊರಗ ಇಟ್ಟಿಲ್ರಿ ಸರ್ರ, ಅಡಗಿಮನ್ಯಾಗ ಐತಿ” ಎಂದ ಸಂಗಪ್ಪ. ಒಳಗೆ ಅಡುಗೆಯ ಹುಸೇನಸಾಬ ಅದನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು ಚಟ್ನಿಗೆಂದು ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುತ್ತಿದ್ದ. ನಾನು ಬಾಯಿ ತೆರೆದರೆ ಕೈಯೆತ್ತಿ ತಡೆದ. ಬಾಣಲೆ ಇಳಿಸಿದ ಮೇಲೆಯೇ ಮಾತು.

“‘ಗುರೆಳ್ಳು ಹುರಿಯೂ ಮುಂದ ಯಾರ ಕೂಡನೂ ಮಾತಾಡಬ್ಯಾಡ’ ಅಂತ ಬರದಾರ್ರಿ ಅವ್ವಾರು. ಇಪ್ಪತ್ತು ವರ್ಷ ಒಲಿ ಮುಂದ ನಿಂತೇನ್ರಿ, ಇಂಥಾ ಖರೆ ಮಾತು ನನಗ ಯಾರೂ ಹೇಳಿಲ್ಲ.”

ಹೀಗೆಂದವನ ಕೈಯಿಂದ ಕಸಿದುಕೊಳ್ಳುವುದು ಹೇಗೆ? ಚಟ್ನಿಯೊಂದನ್ನಾದರೂ ನಕಲು ಮಾಡಿಕೊಡೋಣವೆಂದು ಮೇಜಿಗೆ ಕೂತೆ. ಚಟ್ನಿ ಬದನೆಯ ಎಣಗಾಯಿಗೆ ಹೊರಳಿತು, ಎಣಗಾಯಿ ಸಿಹಿ ಮಾದಲಿಗೆ. ಹುಸೇನಸಾಬ ನಡುನಡುವೆ ಬಿಸಿ ರೊಟ್ಟಿ, ಚಟ್ನಿ ತಂದಿಟ್ಟು, “ಹದ ನೋಡ್ರಿ” ಎನ್ನುತ್ತಿದ್ದ. ಮೂರು ಗಂಟೆಗೆ ನೋಟ್‌ಬುಕ್ಕನ್ನು ಅಂಗಿಯೊಳಗೆ ಸೇರಿಸಿಕೊಂಡು ಮನೆಗೆ ಬಂದರೆ, ನಾನು ಐದು ತಾಸು ಬಾರಿನಲ್ಲಿ ಕೂತ ಸುದ್ದಿ ಪಕ್ಕದ ಮನೆಯವರ ಮೂಲಕ ನನಗಿಂತ ಮೊದಲೇ ಬಂದು ಕೂತಿತ್ತು.

“ಖರೆ ಹೇಳ್ರಿ. ಕುಡದ್ರಿ?”

ಅಂಗಿಯೊಳಗಿನದಕ್ಕೆ ಹೋಲಿಸಿದರೆ ಕುಡಿತವೇ ಸಣ್ಣ ತಪ್ಪೆನಿಸಿತು. “ಒಂದ್ ಸ್ವಲ್ಪ” ಎಂದೆ. ನಂಬಲೆಂದು ಸಣ್ಣಗೆ ಜೋಲಿಯನ್ನೂ ಹೊಡೆದೆ.

“ಇಲ್ಲಿ ಬರ್ರಿ. ಬಾಯಿ ತಗೀರಿ.”

ತೆರೆದೆ. ಮೂಸಿದಳು. ಇನ್ನೊಮ್ಮೆ ಮೂಸಿದಳು.

“ಇದು ನಮ್ಮವ್ವನ ಚಟ್ನಿ.”

ಇನ್ನೇನು ಮಾಡಲಿ, ನೋಟ್‌ಬುಕ್ ಹೊರತೆಗೆದು ನಡೆದದ್ದೆಲ್ಲ ಹೇಳಿದೆ. ಗಿರಿಜಾ ಅದರ ಮೇಲಿನ ಎಣ್ಣೆಯ ಬೆರಳಚ್ಚನ್ನು ಸೆರಗಿನಿಂದ ಒರೆಸಿದಳು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. “ಬೆಳ್ಳೊಳ್ಳಿ ಒಂದೀಟ ಹೆಚ್ಚಾಗೇತಿ” ಎಂದಳು, “ನಾಳೆ ಹೋಗಿ ಆ ಅಣ್ಣಾರಿಗೆ ಹೇಳಿ ಬರ್ರಿ.”

ಒಂದು ಗುಟುಕು ಬಿಯರು ಕುಡಿದು ಬಂದಿದ್ದರೆ ಆ ದಿನ ನಾನು ಸಿಕ್ಕಿಬೀಳುತ್ತಿರಲಿಲ್ಲ. ಈಗ ಉಪ್ಪು, ಖಾರ, ಹುಳಿ ಎಂದು ದಿನಕ್ಕೊಂದು ತಿದ್ದುಪಡಿ ಹೊತ್ತು ಹೋಗಬೇಕು. ಸ್ವಲ್ಪ ತಡವಾದರೂ ಗಿರಿಜಾ ಅಂಗಳದಲ್ಲಿ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ, “ಹತ್ತು ಹೊಡೀತು, ಇನ್ನೂ ಬಾರಿಗೆ ಹೋಗಿಲ್ಲೇನ್ರಿ?” ಎಂದು ಗದರಿಸುತ್ತಾಳೆ.