ತಂಗಡಿ ಹೂವು ಹಿಡಿದ ಕೈ

ಚಿಟ್ಟೆಯಷ್ಟು ಹೇಳಿದ ಮಾತು ಕೇಳದ ಪ್ರಾಣಿ ಇನ್ನೊಂದಿಲ್ಲ ಎಂಬುದು ಡಬ್ಬಿ ಕ್ಯಾಮೆರಾ ಕೊಂಡ ಮೇಲೆ ನನಗೆ ತಿಳಿಯಿತು. ಮದುವೆಯ ಗ್ರೂಪ್ ಫೋಟೋದಲ್ಲಿ ಎಂಥ ಹಟಮಾರಿ ಸೋದರಮಾವನೂ "ಅಲ್ಲಾಡಬೇಡಿ" ಎಂದರೆ ಉಸಿರು ಬಿಗಿಹಿಡಿದು ಕೂರುತ್ತಾನೆ. ಚಿಟ್ಟೆಗೆ ಆ ಸಂಸ್ಕಾರವಿಲ್ಲ. ದಾವಣಗೆರೆಯ ಹತ್ತಿ ಮಿಲ್ಲೊಂದರ ಗುಮಾಸ್ತನಾದ ನಾನು ದಿನಾ ಬೆಳಿಗ್ಗೆ ಕ್ಯಾಮೆರಾ ಎದೆಗೊತ್ತಿಕೊಂಡು, ತಲೆ ಬಗ್ಗಿಸಿ ಹೊಲದ ದಾರಿಯಲ್ಲಿ ನಡೆಯುವುದನ್ನು ಕಂಡವರು, ಪಾಪ, ಏನೋ ಕಳೆದುಕೊಂಡಿದ್ದಾನೆ ಎಂದುಕೊಳ್ಳುತ್ತಿದ್ದರು.

ನಿಜವಾಗಿ ಆ ವಾಕಿಂಗ್ ನನ್ನ ಹೆಂಡತಿ ಗಿರಿಜೆಯದು. ಟೈಫಾಯ್ಡಿನಿಂದ ಎದ್ದವಳಿಗೆ ಡಾಕ್ಟರು ಹೇಳಿದ್ದು. ಹರಿಹರದಲ್ಲಿದ್ದ ಅವಳ ತಾಯಿಗೆ ನಾವು ಜ್ವರದ ಸುದ್ದಿಯನ್ನೇ ಕೊಟ್ಟಿರಲಿಲ್ಲ. ಅವರ ಎದೆ ಸೂಕ್ಷ್ಮ ಎಂಬ ಭಯ. ಅವರೋ, ಹೋದವರು ಬಂದವರ ಕೈಲೆಲ್ಲ "ಮಗಳ ಫೋಟೋ ಕಳಿಸ್ರಿ" ಎಂದು ಹೇಳಿಕಳಿಸುತ್ತಿದ್ದರು.

"ಈ ಮುಖ ನೋಡಿದ್ರೆ ಅವ್ವನ ಎದಿ ನಿಂತೇ ಹೋಗ್ತೈತೆ. ಹೂವು, ಚಿಟ್ಟೆ ತೆಗೆದು ಕೊಟ್ಟು ಬರ್ರಿ. ಆ ಡಬ್ಬೀಲಿ ಮನುಷ್ಯರು ಬರಂಗಿಲ್ಲ ಅನ್ರಿ" ಎಂದಳು ಗಿರಿಜೆ. ಇಂಥ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಬೇಲಿಯ ತಂಗಡಿ ಗಿಡದಲ್ಲಿ ಚಿಟ್ಟೆ ಕೂರುತ್ತಿತ್ತು. ಗಾಳಿಗೆ ಕೊಂಬೆ ತೂಗದಿರಲೆಂದು ಗಿರಿಜೆ ಕೈಯೆತ್ತಿ ಅದನ್ನು ಹಿಡಿಯುತ್ತಿದ್ದಳು. ಕೈ ಬಂದೊಡನೆ ಚಿಟ್ಟೆ ಹಾರುತ್ತಿತ್ತು, ನಾನು ಕ್ಯಾಮೆರಾ ಒತ್ತುತ್ತಿದ್ದುದು ಅದರ ಮರುಕ್ಷಣ. ಸ್ಟುಡಿಯೋದ ಮುದಿ ಸಾಹೇಬರು ಫೋಟೋಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಹೂವು ಐತೆ, ಕೈ ಐತೆ. ತಿತ್ಲಿ ಎಲ್ಲಿ?" ಎಂದರು. ನಾನು ಜಂಬದಿಂದಲೇ ಹರಿಹರದ ರೈಲು ಹತ್ತಿದೆ.

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ನಾನು ಡಬ್ಬಿಯ ಕಥೆ ಶುರುಮಾಡಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ.

"ಇದು ಗಿರಿಜಾನ ಕೈ. ಪಂಚಮಿ ಹಬ್ಬಕ್ಕೆ ಇಲ್ಲೇ ಬಳೆ ಇಡಿಸಿದ್ದೆ. ಸೋಪು ಹಚ್ಚಿದ ಮ್ಯಾಲೇ ಏರಿದ್ವು, ಹುಡುಗಿ ಕಣ್ಣಾಗ ನೀರು ಬಂದಿತ್ತು. ಈಗ ನೋಡ್ರಿ, ಮೊಳಕೈಗೆ ಜಾರ್ಯಾವೆ. ಏನಾಗಿತ್ರಿ ಅಕಿಗೆ?"

ನಾನು ಬಾಯಿಬಿಟ್ಟೆ. ಹೇಳುವಾಗ ಅವರಿಗಿಂತ ನನ್ನ ಎದೆಯೇ ಹೆಚ್ಚು ಹೊಡೆದುಕೊಳ್ಳುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಸೆರಗಿನಿಂದ ಕಣ್ಣೊತ್ತಿಕೊಂಡರು. ಆಮೇಲೆ ಎದ್ದು ಟ್ರಂಕಿಗೆ ಸೀರೆ ತುಂಬತೊಡಗಿದರು.

"ನನ್ನ ಎದಿ ಗಟ್ಟಿ ಐತ್ರಿ, ಅಳಿಯಂದ್ರೆ. ಸುಳ್ಳು ಮಾತ್ರ ತಡಿಯಂಗಿಲ್ಲ."

ಅವರು ಬಂದು ನಮ್ಮ ಅಡುಗೆಮನೆ ಹಿಡಿದರು. ಹಾಲು, ತುಪ್ಪ, ಬಿಸಿ ರೊಟ್ಟಿ. ಜ್ವರ ಬರದಿದ್ದ ನಾನೇ ಮೊದಲು ದಪ್ಪಗಾದೆ. ಗಿರಿಜೆ ನಿಧಾನಕ್ಕೆ ಮೈ ತುಂಬಿಕೊಂಡಳು. ತಂಗಡಿ ಕೊಂಬೆ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ.

ಮೊನ್ನೆ ಸಾಹೇಬರು ಹೊಸ ಫೋಟೋ ಕೈಗಿಟ್ಟು, "ಈ ಸಲಾನೂ ತಿತ್ಲಿ ಇಲ್ಲ, ಸಾರ್" ಎಂದು ನೊಂದುಕೊಂಡರು. ಚಿಟ್ಟೆ ಹುಡುಕುವುದು ನನಗೆ ಮರೆತೇಹೋಗಿತ್ತು. ಬಳೆಗಳು ಮುಂಗೈಯಲ್ಲೇ ನಿಂತಿದ್ದವು. "ಇದನ್ನ ದೊಡ್ಡದು ಮಾಡಿ ಕೊಡ್ರಿ" ಎಂದೆ.