ಮಲಕಿಯ ಶೂಗಳಿಗೆ ಮೂರು ಭಾನುವಾರ

“ಇನ್ನು ಮೂರೇ ಭಾನುವಾರ! ಮಲಕಿಗೆ ಸ್ವರ್ಗದಲ್ಲಿ ಶೂ, ನನಗೆ ಇಲ್ಲಿ ಸೊಂಟ!”

ಅಡುಗೆಮನೆಯ ನಡುವೆ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಅಟ್ರಾಕ್ಟಾ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ನಿನಗೆ ಸೊಂಟ ಇತ್ತಾ ಕೋಲ್ಮನ್? ಯಾವಾಗ? ನಾನು ಮದುವೆಯಾಗೋಕೆ ಮುಂಚೆಯಾ?”

ಮಹತ್ಕಾರ್ಯಗಳಿಗೆ ಮೊದಲ ಕಲ್ಲು ಮನೆಯಿಂದಲೇ ಬೀಳುತ್ತದೆ.

ಮಲಕಿ ಏಪ್ರಿಲ್‌ನಲ್ಲಿ ಹೋದ. ನಲವತ್ತು ವರ್ಷಗಳ ಗೆಳೆತನ ನಮ್ಮದು. ತೋಟದ ಗೇಟಿಗೆ ಬಣ್ಣ ಬಳಿಯುತ್ತಿದ್ದವನು ಬ್ರಶ್ ಕೆಳಗಿಟ್ಟು ಟೀ ಕುಡಿಯಲು ಒಳಗೆ ಬಂದ, ಕುಡಿಯಲಿಲ್ಲ. ಆ ಗೇಟು ಈಗಲೂ ಅರ್ಧ ಹಸಿರು, ಅರ್ಧ ತುಕ್ಕು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪುಸ್ತಕ ತೆರೆದರೆ ಮೊದಲ ಸಾಲಿಗೇ ಎದ್ದು ಕಿಟಕಿಗೆ, ಕಿಟಕಿಯಿಂದ ಕೆಟಲ್ಲಿಗೆ, ಕೆಟಲ್ಲಿನಿಂದ ಬಾಗಿಲಿಗೆ. ಊರಿನ ಗ್ರಂಥಾಲಯದಲ್ಲಿ ಜೀವಮಾನವೆಲ್ಲ ಬೇರೆಯವರಿಗೆ “ಕೂತು ಓದಿ” ಎಂದು ಹೇಳಿದವನು ನಾನು! ಅಟ್ರಾಕ್ಟಾ ನನ್ನನ್ನು ನೋಡುವ ನೋಟವೂ ಬದಲಾಗಿತ್ತು: ಚಳಿಗಾಲಕ್ಕೆ ಮುಂಚೆ ಹಳೆಯ ಕಾರನ್ನು ನೋಡುತ್ತಾರಲ್ಲ, ಹಾಗೆ. “ನಡಿ, ಬೆಟ್ಟ ಹತ್ತು, ಹೊಟ್ಟೆ ಇಳಿಸು, ಏನಾದ್ರೂ ಮಾಡು. ಇಲ್ಲಿ ಮಾತ್ರ ಸುತ್ತಬೇಡ, ನನಗೆ ತಲೆ ತಿರುಗುತ್ತೆ” ಎನ್ನುತ್ತಿದ್ದಳು.

ನಮ್ಮ ಮೇಯೋ ಸೀಮೆಯಲ್ಲಿ ಒಂದು ಹಳೆಯ ಪದ್ಧತಿ ಇದೆ. ಸತ್ತವನ ಉಡುಪನ್ನು ಅವನ ಹತ್ತಿರದವನೊಬ್ಬ ಮೂರು ಭಾನುವಾರ ಬಿಡದೆ ತೊಟ್ಟು ಚರ್ಚಿನ ಪೂಜೆಗೆ ಹೋಗಬೇಕು. ಇಲ್ಲಿ ಇವನು ತೊಟ್ಟದ್ದು ಅಲ್ಲಿ ಅವನಿಗೆ ಸಿಗುತ್ತದೆ. ತೊಡದಿದ್ದರೆ, ಪಾಪ, ಅಲ್ಲಿ ಅವನಿಗೆ ಇಲ್ಲ. ಈಗಿನವರು ಇದನ್ನು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ನಂಬದಿದ್ದರೂ ಬಿಡಲಾಗದ ಕೆಲಸಗಳು ಇರುತ್ತವೆ. ಮಲಕಿಯ ಕೋಟು, ಅಂಗಿ ಅವನ ತಮ್ಮನಿಗೆ ಹೋದವು. ನನಗೆ ಉಳಿದದ್ದು ಶೂ. ಅವನು ಕಾಲವಾದ, ಅವನ ಕಾಲು ನನ್ನ ಪಾಲಾಯಿತು.

ಅವನ ಹೆಂಡತಿ ಡಿಂಪ್ನಾ ಫೋನು ಮಾಡಿದ್ದಳು. “ಕೋಲ್ಮನ್, ನಾನು ಗಾಲ್ವೇಗೆ, ಅಕ್ಕನ ಮನೆಗೆ ಹೊರಟೆ. ಅವನ ಶೂ ಚೀಲದಲ್ಲಿ ಹಾಕಿ ಮೆಟ್ಟಿಲ ಕೆಳಗೆ ಇಟ್ಟಿದೀನಿ. ಹಿಂಬಾಗಿಲು ತೆಗೆದೇ ಇರುತ್ತೆ, ಬಂದು ತಗೊಂಡು ಹೋಗು. ನಾನೇ ಕೈಗೆ ಕೊಡೋಕೆ ನಿಂತ್ರೆ ನಾನು ಅಳ್ತೀನಿ, ನೀನೂ ಅಳ್ತೀಯ, ಆಮೇಲೆ ಯಾರಾದ್ರೂ ಟೀ ಮಾಡ್ಬೇಕಾಗುತ್ತೆ.”

ಹೋದೆ, ಮೆಟ್ಟಿಲ ಕೆಳಗಿನ ಕತ್ತಲೆಗೆ ಕೈ ಹಾಕಿದೆ, ಚೀಲ ತಂದೆ. ಮನೆಗೆ ಬಂದು ಬಿಚ್ಚಿದರೆ, ಒಳಗಿಂದ ಹತ್ತು ಬೆರಳುಗಳು ನನ್ನನ್ನು ನೋಡಿದವು!

ಬರಿಗಾಲ ಶೂ ಎನ್ನುತ್ತಾರಲ್ಲ, ಅದು. ಪ್ರತಿ ಬೆರಳಿಗೂ ಒಂದೊಂದು ಗೂಡು, ಕೈಗವಸಿನ ಹಾಗೆ. ತಳವೋ, ದೋಸೆಯೂ ನಾಚಬೇಕು, ಅಷ್ಟು ತೆಳು. ಬಣ್ಣ ಬದನೆಕಾಯಿಯದು. ಹಾಕಿಕೊಂಡರೆ ಪಾದ ನೆಲದೊಂದಿಗೆ ನೇರ ಮಾತಾಡುತ್ತದಂತೆ, ಬೆನ್ನು ನೆಟ್ಟಗಾಗುತ್ತದಂತೆ, ಆದಿಮಾನವನ ನಡಿಗೆ ಬರುತ್ತದಂತೆ. ಶೂ ಇದ್ದೂ ಶೂ ಇಲ್ಲದ ಸ್ಥಿತಿ. ಶೂನ್ಯ ಎಂದರೆ ಇದೇ ಇರಬೇಕು!

“ಇದು ಮಲಕಿಯದಾ?” ಅಟ್ರಾಕ್ಟಾ ಒಂದು ಬೆರಳನ್ನು ಹಿಡಿದೆತ್ತಿ ಕೇಳಿದಳು.

“ಇನ್ಯಾರದು? ಜೇನು ಸಾಕಿದ್ದು ಅವನೇ ಅಲ್ವಾ? ಡಿಸೆಂಬರ್‌ನಲ್ಲಿ ಸಮುದ್ರಕ್ಕೆ ಇಳಿದಿದ್ದು? ಮೂರು ತಿಂಗಳು ಬರೀ ಓಟ್ಸ್ ತಿಂದಿದ್ದು?”

ಹೇಳಿದೆ, ಆದರೆ ಒಳಗೆ ಒಂದು ಮುಳ್ಳು ಆಡಿತು. ಮಲಕಿ ನನ್ನಿಂದ ಏನನ್ನೂ ಮುಚ್ಚಿಟ್ಟವನಲ್ಲ. ಮೂಲವ್ಯಾಧಿ ಬಂದಾಗಲೂ ಡಾಕ್ಟರಿಗಿಂತ ಮೊದಲು ನನಗೇ ಹೇಳಿದ್ದ. ಬೇಡವೆಂದರೂ ವಿವರವಾಗಿ ಹೇಳಿದ್ದ! ಅಂಥವನು ಹತ್ತು ಬೆರಳಿನ ಶೂ ಕೊಂಡು ನನಗೆ ಹೇಳಲಿಲ್ಲವೇ? ಇನ್ನೇನೇನು ಹೇಳದೆ ಹೋದನೋ? ಎದ್ದು ಕಿಟಕಿಗೆ ಹೋದೆ.

ಅಲ್ಲಿಂದಲೇ ಆ ಘೋಷಣೆ ಹುಟ್ಟಿದ್ದು. ಮೂರನೆಯ ಭಾನುವಾರ ಜುಲೈನ ಕೊನೆಯ ಭಾನುವಾರವೇ ಬೀಳುತ್ತಿತ್ತು. ಅಂದು ಅರ್ಧ ಮೇಯೋ ಪ್ಯಾಟ್ರಿಕ್ ಸಂತನ ಬೆಟ್ಟ ಹತ್ತುತ್ತದೆ. ತುದಿಯ ಗುಡಿಯಲ್ಲಿ ಪೂಜೆ. ಹರಕೆ ಹೊತ್ತವರು ಬರಿಗಾಲಲ್ಲಿ ಹತ್ತುತ್ತಾರೆ. ಮಲಕಿ ಪ್ರತಿವರ್ಷ ಹತ್ತುತ್ತಿದ್ದ, ನಾನು ತಪ್ಪಲಿನಲ್ಲಿ ಕೂತು ಅವನ ಕೋಟು ಕಾಯುತ್ತಿದ್ದೆ. ಈ ವರ್ಷ ಅವನ ಶೂ ತುದಿಯವರೆಗೆ ಹೋಗಲೇಬೇಕು, ಒಳಗೆ ನನ್ನ ಕಾಲಿದ್ದರೂ ಸರಿ!

ಮೊದಲ ಭಾನುವಾರ ಶೂ ಹಾಕಿಕೊಳ್ಳುವುದಕ್ಕೇ ಅರ್ಧ ಬೆಳಗು ಹೋಯಿತು. ನನ್ನ ಬೆರಳುಗಳು ಅರವತ್ತಾರು ವರ್ಷ ಒಂದೇ ಕೋಣೆಯಲ್ಲಿ ಒಟ್ಟಿಗೆ ಬದುಕಿದವು. ಈಗ ಬೇರೆ ಬೇರೆ ಮನೆ ಮಾಡಿ ಎಂದರೆ ಕೇಳುತ್ತವೆಯೇ? ಹೆಬ್ಬೆರಳು ಒಪ್ಪಿತು. ನಡುವಿನವು ಗೊಣಗುತ್ತ ಹೋದವು. ಕಿರುಬೆರಳು ಮಾತ್ರ ಪಕ್ಕದವನನ್ನು ಬಿಟ್ಟಿರಲಾರೆನೆಂದು ಅವನ ಗೂಡಿಗೇ ನುಗ್ಗಿತು.

“ಬಿಗಿ ಅಲ್ವಾ?” ಎಂದಳು ಅಟ್ರಾಕ್ಟಾ.

“ಮೈಗಂಟಿಕೊಳ್ಳೋ ಹಾಗೇ ಇರ್ಬೇಕಂತೆ.”

“ಕಣ್ಣಲ್ಲಿ ನೀರು ಬರೋ ಹಾಗೂ ಇರ್ಬೇಕಂತಾ?”

ಹೊರಗೆ ಸೋನೆ ಮಳೆ. ಚರ್ಚಿನ ನುಣುಪು ನೆಲದ ಮೇಲೆ ಒದ್ದೆ ರಬ್ಬರು. ಪರಮಪ್ರಸಾದಕ್ಕೆಂದು ಸಾಲಿನಲ್ಲಿ ಹೊರಟೆ ನೋಡಿ, ಹೆಜ್ಜೆಗೊಂದು “ಕುಂಯ್ಕ್!” ಇಡೀ ಸಭೆ ಬಾತುಕೋಳಿ ಯಾರದೆಂದು ಹಿಂದಿರುಗಿ ನೋಡಿತು. ತುದಿಗಾಲಲ್ಲಿ ನಡೆದೆ, “ಕಿಂಯ್ಕ್!” ಹಿಮ್ಮಡಿಯಲ್ಲಿ ನಡೆದೆ, “ಕೊಂಯ್ಕ್!” ಹಾರ್ಮೋನಿಯಂ ನುಡಿಸುವಾಕೆ ನನಗೆ ಶ್ರುತಿ ಹೊಂದಿಸಿಕೊಳ್ಳಲು ನೋಡಿದಳೆಂದು ಅಟ್ರಾಕ್ಟಾ ಈಗಲೂ ಆಣೆ ಮಾಡುತ್ತಾಳೆ.

ಬಾಗಿಲಲ್ಲಿ ಫಾದರ್ ಕಿಲ್ಕಾಯ್ನ್ ಕೈಕುಲುಕಿದರು. ಕಣ್ಣು ಕೆಳಗೇ ಇತ್ತು. “ಕೋಲ್ಮನ್, ಇದು ಪ್ರಾಯಶ್ಚಿತ್ತಾನೋ, ಡಾಕ್ಟರು ಬರೆದುಕೊಟ್ಟಿದ್ದೋ?”

“ಮಲಕಿಯದು, ಫಾದರ್. ಮೂರು ಭಾನುವಾರ.”

ಅವರು ನನ್ನ ಕೈ ಬಿಡಲಿಲ್ಲ. “ಹಾಗಾದ್ರೆ ಸದ್ದು ಮಾಡ್ಕೊಂಡೇ ಬಾ. ಅವನು ಬಂದ್ರೂ ಸದ್ದೇ ಇರ್ತಿತ್ತು” ಎಂದರು.

ಈ ಮಾತಿಗೆ ಉಬ್ಬಿ ಮುಂದಿನ ಶನಿವಾರ ಬೆಟ್ಟದ ತಾಲೀಮಿಗೆಂದು ಊರಾಚೆಯ ಜೌಗುದಾರಿ ಹಿಡಿದೆ. ಪಾದ ನೆಲದೊಂದಿಗೆ ಮಾತಾಡುತ್ತದೆ ಎಂದಿದ್ದರಲ್ಲ, ನಿಜ. ಆದರೆ ನಮ್ಮ ನೆಲದ ಬಾಯಿ ಬಹಳ ಕೆಟ್ಟದ್ದು! ಪಾದದಲ್ಲಿ ಇಪ್ಪತ್ತಾರು ಮೂಳೆ ಇವೆಯೆಂದು ಓದಿದ್ದೆ. ಅಂದು ಒಂದೊಂದೂ ಹೆಸರು ಹೇಳಿಕೊಂಡು ಪರಿಚಯ ಮಾಡಿಕೊಂಡಿತು. ಕೊನೆಗೆ ಕೆಸರಿನಲ್ಲಿ ಮೊಣಕಾಲವರೆಗೆ ಹೂತೆ. ಪಕ್ಕದ ಹೊಲದ ಕುರಿಗಳು ಸಾಲಾಗಿ ನಿಂತು ನೋಡಿದವು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಕಾಲೇ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮನೆಗೆ ಬಂದು ಶೂ ತೊಳೆದೆ. ಬೆಳಿಗ್ಗೆಗೆ ಒಣಗಬೇಕು. ಆರಿದ ಒಲೆಯ ಬ್ರೆಡ್ಡು ಬೇಯಿಸುವ ಗೂಡಿನಲ್ಲಿ ಇನ್ನೂ ಹದ ಬಿಸಿ ಇತ್ತು. ಎಂಥ ಜಾಣ ನಾನು ಎಂದುಕೊಳ್ಳುತ್ತ ಜೋಡಿಯನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಸ್ನಾನಕ್ಕೆ ಹೋದೆ. ಅಟ್ರಾಕ್ಟಾ ಅಂಗಡಿಯಿಂದ ಬಂದು, ಒಲೆಗೆ ಬೆಂಕಿ ಹಾಕಿ, ಕಂದು ಬ್ರೆಡ್ಡಿನ ಹಿಟ್ಟು ಕಲಸತೊಡಗಿದಳು.

“ಕೋಲ್ಮನ್! ಏನೋ ಸುಟ್ಟ ವಾಸನೆ! ಟಯರ್ ಬೇಯಿಸಿದ ಹಾಗೆ!”

ಟವೆಲ್ಲು ಸುತ್ತಿಕೊಂಡು ಓಡಿ ಬಂದೆ. ಒಲೆಯ ಬಾಗಿಲು ತೆಗೆದರೆ ಕರಿಹೊಗೆ, ಹೊಗೆಯ ಹಿಂದೆ ಮಲಕಿಯ ಶೂ. ಎಡಗಡೆಯದು ಪಾರಾಗಿತ್ತು. ಬಲಗಡೆಯದರ ಹೆಬ್ಬೆರಳು ಬೆಂದು ಸುರುಟಿ ಮೇಲಕ್ಕೆ ನಿಂತಿತ್ತು.

“ಸತ್ತವನ ಶೂನ ರೋಸ್ಟ್ ಮಾಡಿದ್ಯಲ್ಲೋ!” ಎಂದು ಅವಳು ಕೂಗಿದಳು.

“ರೋಸ್ಟ್ ಮಾಡಿದ್ದು ನೀನು! ನಾನು ಬೆಚ್ಚಗಿಟ್ಟಿದ್ದೆ ಅಷ್ಟೇ!”

“ಒಲೆ ಒಳಗೆ ಶೂ ಇದೆ ಅಂತ ನಾನು ಕನಸು ಕಾಣ್ಬೇಕಾ? ಬ್ರೆಡ್ ಇಡೋಕೆ ಮುಂಚೆ ‘ಒಳಗೆ ಯಾರಾದ್ರೂ ಇದೀರಾ’ ಅಂತ ಬಾಗಿಲು ತಟ್ಬೇಕಾ?”

ಸಾಧಾರಣ ದಿನವಾಗಿದ್ದರೆ ನಾನೂ ಕಾಲು ಕೆರೆದು ನಿಲ್ಲುತ್ತಿದ್ದೆ. ಆದರೆ ಅಂದು ಶೂವಿನ ಸುಟ್ಟ ಬೆರಳನ್ನು ಟವೆಲ್ಲಿನ ಅಂಚಿನಿಂದ ಒರೆಸತೊಡಗಿದೆ. ಒಂದು ಭಾನುವಾರ ತಪ್ಪಿದರೂ ಮೊದಲಿನದು ವ್ಯರ್ಥ. ಅವನಿಗೆಂದು ನಾನು ಮಾಡಬಹುದಾಗಿದ್ದ ಕೆಲಸ ಇನ್ನು ಇದೊಂದೇ. ಅಟ್ರಾಕ್ಟಾ ನನ್ನ ಮುಖ ನೋಡಿದಳು, ಶೂ ಕಿತ್ತುಕೊಂಡಳು. ಬೆಣ್ಣೆಚಾಕುವಿನಿಂದ ಕರಕಲು ಕೆರೆದು, ಒಳಗೆ ಉಣ್ಣೆ ತುರುಕಿ, “ಬೆರಳು ಹೋಗುತ್ತೆ. ನೆಟ್ಟಗಾಗಲ್ಲ, ಆದ್ರೆ ಹೋಗುತ್ತೆ” ಎಂದಳು.

ಎರಡನೆಯ ಭಾನುವಾರ ಹೀಗೆ ಸದಾ ಸ್ವರ್ಗದತ್ತ ಬೆರಳು ತೋರಿಸುವ ಶೂ ಹಾಕಿಕೊಂಡು ಹೋದೆ. ಅದಕ್ಕಿಂತ ಭಕ್ತಿಯ ಪಾದರಕ್ಷೆ ಆ ಚರ್ಚಿನಲ್ಲಿ ಇನ್ನೊಂದಿರಲಿಲ್ಲ.

ಮೂರನೆಯ ಭಾನುವಾರ ಬೆಟ್ಟ. ಅಟ್ರಾಕ್ಟಾ ದಪ್ಪ ಬೂಟು ಹಾಕಿ, ಫ್ಲಾಸ್ಕು ಹೆಗಲಿಗೇರಿಸಿ ಬಂದಳು. “ನೀನ್ಯಾಕೆ?” ಎಂದೆ. “ಒಬ್ಬನ್ನ ಕಳ್ಕೊಂಡಿದ್ದು ಸಾಕು ನಮಗೆ” ಎಂದಳು. ಆಮೇಲೆ, ತುಂಬ ಮೆತ್ತಗಾಯಿತೆಂದು ತೋರಿತೇನೋ, “ನೀನು ಉರುಳೋದನ್ನ ನೋಡೋ ಅವಕಾಶ ಬಿಡೋಕಾಗುತ್ತಾ?” ಎಂದು ಸೇರಿಸಿದಳು.

ಕೆಳಗಿನ ದಾರಿ ಹೇಗೋ ಕಳೆಯಿತು. ತುದಿಗೆ ಮುಂಚಿನ ಕಡಿದಾದ ಏರಿನಲ್ಲಿ ಬರೀ ಸಡಿಲ ಕಲ್ಲು, ಮೇಲೆ ಮಂಜು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವುದು. ಕಲ್ಲು ದೋಸೆಯಂಥ ತಳದ ಮೂಲಕ ನೇರ ಎದೆಗೇ ಚುಚ್ಚುವುದು. ನಿಂತರೆ ಅಳು ಬರುವಂತಿತ್ತು, ಅದಕ್ಕೇ ನಿಲ್ಲಲಿಲ್ಲ. “ಎಲ್ಲ ಹೇಳ್ತಿದ್ದವನು ಇದನ್ನ ಯಾಕೆ ಹೇಳ್ಲಿಲ್ಲ ಮಾರಾಯ?” ಎಂದು ಮಲಕಿಯನ್ನು ಬೈಯುತ್ತ ಹತ್ತಿದೆ.

ಮಂಜು ಸರಿದಾಗ ಮೇಲೊಬ್ಬ ಎತ್ತರದ ಹೆಂಗಸು ಬರಿಗಾಲಲ್ಲಿ ಹತ್ತುತ್ತಿರುವುದು ಕಂಡಿತು. ಜನ ಗೌರವದಿಂದ ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಡಿಂಪ್ನಾ! ಗಂಡನಿಗಾಗಿ ಬರಿಗಾಲ ಹರಕೆ! ಇದ್ದಬದ್ದ ಉಸಿರೆಲ್ಲ ಕೂಡಿಸಿ ಗುಡಿಯ ಗೋಡೆಯ ಬಳಿ ಅವಳನ್ನು ಸೇರಿಕೊಂಡೆ. ಪೂಜೆಯ ಗಂಟೆ ಬಾರಿಸುತ್ತಿತ್ತು.

“ಡಿಂಪ್ನಾ, ತಂದಿದೀನಿ. ಅವನ ಶೂ ತುದಿ ಮುಟ್ಟಿಸಿದೆ” ಎಂದೆ.

ಅವಳು ನನ್ನ ಪಾದ ನೋಡಿದಳು.

“ಕೋಲ್ಮನ್, ನನ್ನ ಶೂ ನಿನ್ನ ಕಾಲಲ್ಲಿ ಏನು ಮಾಡ್ತಿವೆ?”

“ನಿನ್ನ...?”

“ನನ್ನವು! ಗಾಲ್ವೇಯಿಂದ ಬಂದು ಇಡೀ ಮನೆ ತಲೆಕೆಳಗೆ ಮಾಡಿ ಹುಡುಕಿದೀನಿ! ಬೇರೆ ಯಾವುದು ಹಾಕಿದ್ರೂ ಈಗ ಕಾಲು ಕಚ್ಚುತ್ತೆ, ಅದಕ್ಕೇ ಹೀಗೆ ಬಂದೆ. ದಾರಿಯುದ್ದಕ್ಕೂ ಜನ ಕೈ ಮುಗೀತಾರೆ, ನನಗೆ ನಾಚಿಕೆ! ಅವನ ಕಂದು ಬೂಟು ಇನ್ನೊಂದು ಚೀಲದಲ್ಲಿ ಇನ್ನೂ ಅಲ್ಲೇ ಕೂತಿದೆ.” ಬಗ್ಗಿ ನೋಡಿದಳು. “ಹೆಬ್ಬೆರಳಿಗೇನಾಯ್ತು?”

“ಬೆಂದಿದೆ” ಎಂದಳು ಅಟ್ರಾಕ್ಟಾ.

ಅಂದರೆ ಇಷ್ಟು ದಿನ ನಾನು ಬದುಕಿರುವ ಹೆಂಗಸಿನ ಶೂಗಳನ್ನು ಮುಂಗಡವಾಗಿ ಸ್ವರ್ಗಕ್ಕೆ ಸಾಗಿಸಿದ್ದೆ, ಮಲಕಿಯನ್ನು ಅಲ್ಲಿ ಬರಿಗಾಲಲ್ಲೇ ನಿಲ್ಲಿಸಿದ್ದೆ!

“ಹಾಗಾದ್ರೆ ಅವನು ಇದನ್ನ ನನ್ನಿಂದ ಮುಚ್ಚಿಟ್ಟಿರ್ಲಿಲ್ಲ” ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

“ಮುಚ್ಚಿಟ್ಟಿದ್ದ ಮಾರಾಯ! ‘ನಿನ್ನ ಕಪ್ಪೆಕಾಲನ್ನ ಕೋಲ್ಮನ್‌ಗೆ ಮಾತ್ರ ತೋರಿಸ್ಬೇಡ. ಕಂಡ್ರೆ ತಾನೂ ಒಂದು ಜೊತೆ ಹಾಕ್ಕೊಂಡು ಈ ಬೆಟ್ಟ ಹತ್ತೋಕೆ ಹೊರಡ್ತಾನೆ, ಹೊತ್ಕೊಂಡು ಇಳಿಯೋನು ನಾನು’ ಅಂತ ಆಣೆ ಹಾಕಿಸ್ಕೊಂಡಿದ್ದ!”

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಏಪ್ರಿಲ್‌ನಿಂದ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಟ್ರಾಕ್ಟಾಳಿಗೂ ಅಂಟಿತು. ಫಾದರ್ ಪೂಜೆ ಆರಂಭಿಸಿದರು. ನಾವು ಮೂವರು ಗೋಡೆ ಹಿಡಿದು ಹೆಗಲು ಕುಣಿಸುತ್ತ ನಿಂತೆವು. ನಕ್ಕಿದ್ದೆಷ್ಟು, ಅತ್ತಿದ್ದೆಷ್ಟು ಎಂದು ನನ್ನನ್ನು ಕೇಳಬೇಡಿ. ಆದರೆ ಇಡೀ ಪೂಜೆ ನಾನು ಒಂದೇ ಕಡೆ ನಿಂತಿದ್ದೆ.

ಪೂಜೆ ಮುಗಿದದ್ದೇ ಡಿಂಪ್ನಾ ಕೈ ಚಾಚಿದಳು. “ಬಿಚ್ಚು. ಮುಂದಿನ ಭಾನುವಾರದಿಂದ ಅವನ ಬೂಟು ಹಾಕ್ಕೊಂಡು ಮೊದಲಿಂದ ಶುರು ಮಾಡು.”

ಅವಳು ಶೂ ಹಾಕಿಕೊಂಡು ಮೇಕೆಮರಿಯಂತೆ ಇಳಿದು ಹೋದಳು. ನಾನು ಬರಿಗಾಲಲ್ಲಿ ಅಟ್ರಾಕ್ಟಾಳ ಭುಜ ಹಿಡಿದು, “ಅಯ್ಯೋ”ಗೊಂದು ಹೆಜ್ಜೆಯಂತೆ ಇಳಿಯುತ್ತಿದ್ದೆ. ಕಲ್ಲಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ನನ್ನ ಪಾದ ಕಂಡು ಕರಗಿಹೋದಳು.

“ಮಗಾ, ಈ ಕಲ್ಲಲ್ಲಿ ಬರಿಗಾಲು! ಎಷ್ಟು ದೊಡ್ಡ ಹರಕೆಯಪ್ಪಾ ನಿಂದು?”

ನಾನು ಮುಖವನ್ನು ಆದಷ್ಟು ಸಂತನಂತೆ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅಟ್ರಾಕ್ಟಾ ಹೇಳಿಬಿಟ್ಟಳು:

“ಹರಕೆ ಅಲ್ಲಮ್ಮಾ, ದಂಡ. ಹಿಂಬಾಗಿಲಿಂದ ನುಗ್ಗಿ ವಿಧವೆ ಶೂ ಕದ್ದಿದ್ದ.”

ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ನನ್ನ ಮೇಲಿನ ಕಣ್ಣು ತೆಗೆಯದೆ ಮೆಲ್ಲಗೆ ಬಗ್ಗಿ, ತನ್ನ ಬೂಟಿನ ಲಾಡಿಗಳನ್ನು ಇನ್ನೊಂದು ಗಂಟು ಹಾಕಿ ಬಿಗಿದುಕೊಂಡಳು.