ಲಿಗಾಯಾ ಭಾರ ಎತ್ತಿದ ಪ್ರಕರಣ

ಮಹಿಳಾ ಸಿಬ್ಬಂದಿ ಹತ್ತು ಕಿಲೋಗಿಂತ ಹೆಚ್ಚಿನ ಭಾರವನ್ನು ಎತ್ತತಕ್ಕದ್ದಲ್ಲ ಎಂಬುದು ಅರಬ್ ನಾಡಿನ ರಾಸ್ ಅಲ್ ಖೋರ್‌ನಲ್ಲಿರುವ ನಮ್ಮ ಕಂಪನಿಯ ಸುರಕ್ಷತಾ ನಿಯಮ. ಬಹಳ ಕಾಲ ಅದನ್ನು ಯಾರೂ ಮುರಿದಿರಲಿಲ್ಲ. ನಮ್ಮಲ್ಲಿ ಮಹಿಳಾ ಸಿಬ್ಬಂದಿಯೇ ಇರಲಿಲ್ಲ.

ಆಮೇಲೆ ರಿಸೆಪ್ಷನಿಸ್ಟ್ ಆಗಿ ಲಿಗಾಯಾ ಬಂದರು. ಫಿಲಿಪ್ಪೀನ್ಸ್‌ನವರು. ಒಂದು ಕಾಲದಲ್ಲಿ ತಮ್ಮ ದೇಶದ ಪರವಾಗಿ ಜಕಾರ್ತಾ, ತಾಷ್ಕೆಂಟ್‌ಗಳಲ್ಲಿ ಭಾರ ಎತ್ತಿದ್ದವರು. ಮೊಣಕಾಲಿಗೆ ಪೆಟ್ಟಾದ ಮೇಲೆ ದೇಶ ಅವರನ್ನು ಮರೆತಿತ್ತು. ಸತ್ವಾ ಬಡಾವಣೆಯ ಹಳೆಯ ವಿಲ್ಲಾವೊಂದರಲ್ಲಿ ಬೆಡ್‌ಸ್ಪೇಸ್ ಎಂಬ ಒಂದು ಮಂಚದಷ್ಟು ಬಾಡಿಗೆ ಜಾಗ ಹಿಡಿದು, ಸಂಜೆ ಹೊತ್ತು ಪಕ್ಕದ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಿದ್ದರು.

ಹೋದ ವರ್ಷ ಅಬುಧಾಬಿಯಲ್ಲಿ ಅಂತಾರಾಷ್ಟ್ರೀಯ ಪಂದ್ಯ ನಿಗದಿಯಾದಾಗ ಅವರ ದೇಶಕ್ಕೆ ಥಟ್ಟನೆ ಅವರ ನೆನಪಾಯಿತು. ಈಗಾಗಲೇ ಇಲ್ಲೇ ಇದ್ದುದರಿಂದ ವಿಮಾನದ ಟಿಕೆಟ್ ಬೇಕಿರಲಿಲ್ಲ. ದೇಶಾಭಿಮಾನಕ್ಕೆ ಇಷ್ಟು ಅನುಕೂಲವಾದ ಆಟಗಾರ್ತಿ ಸಿಗುವುದು ಕಷ್ಟ.

ಲಿಗಾಯಾ ರಜೆ ಕೇಳಲು ಸುರಕ್ಷತಾ ಮ್ಯಾನೇಜರ್ ತಿಲಕ್ ಅವರ ಬಳಿ ಹೋದರು.

"ರಜೆ ಧಾರಾಳ ತಗೊಳ್ಳಿ," ಎಂದರು ತಿಲಕ್. "ಭಾರ ಮಾತ್ರ ಎತ್ತುವ ಹಾಗಿಲ್ಲ. ನಮ್ಮ ವೀಸಾದಲ್ಲಿ ಇರುವಷ್ಟು ದಿನ ನೀವು ನಮ್ಮ ಸಿಬ್ಬಂದಿ. ಅಬುಧಾಬಿಯಲ್ಲೂ."

"ಸರ್, ಅದು ಭಾರ ಎತ್ತುವ ಸ್ಪರ್ಧೆ."

"ಭಾಗವಹಿಸಿ. ಬೇಡ ಅಂದವರು ಯಾರು?"

ಅಲ್ಲೇ ನಿಂತಿದ್ದ ಗೋಡೌನ್ ಸೂಪರ್‌ವೈಸರ್ ಜಲೀಲ್, ಉಳ್ಳಾಲದವರು, ತಡೆಯಲಾರದೆ ಕೇಳಿದರು: "ಎಂತ ಸರ್, ಎತ್ತದೆ ಭಾಗವಹಿಸುವುದು ಹೇಗೆ?"

"ನಾನು ಕ್ರೀಡೆಯ ವಿರೋಧಿ ಅಲ್ಲ ಜಲೀಲ್. ಭಾರದ ವಿರೋಧಿ."

ಲಿಗಾಯಾ ಮೆಲ್ಲಗೆ ಹೇಳಿದರು: "ನನಗೆ ವಯಸ್ಸಾಯಿತು ಸರ್. ಇನ್ನೊಂದು ಸಲ ನನ್ನನ್ನು ಯಾರೂ ಕರೆಯುವುದಿಲ್ಲ."

ತಿಲಕ್ ಕಲ್ಲುಹೃದಯದವರಲ್ಲ. ಕೂಡಲೇ ಸಮಿತಿ ರಚಿಸಿದರು. ಸಮಿತಿ ಸಮೋಸ ತಿಂದು ಹೊರಡಿಸಿದ ಪ್ರಕಟಣೆ ಹೀಗಿತ್ತು:

'ಸದರಿ ಸಿಬ್ಬಂದಿಯು ಸದರಿ ಕಬ್ಬಿಣವನ್ನು ಎತ್ತತಕ್ಕದ್ದಲ್ಲ. ಆದರೆ ಅದು ನೆಲದ ಮೇಲೆ ಬಿದ್ದಿದ್ದು, ಯಾರಾದರೂ ಎಡವುವ ಸಂಭವವಿದ್ದಲ್ಲಿ, ಅದನ್ನು ದಾರಿಯಿಂದ ತೆಗೆದು ಎತ್ತರದ ಜಾಗದಲ್ಲಿ ಇರಿಸುವುದು ಪ್ರತಿಯೊಬ್ಬ ಸಿಬ್ಬಂದಿಯ ಕರ್ತವ್ಯವಾಗಿರುತ್ತದೆ. ಹೆಲ್ಮೆಟ್ ಕಡ್ಡಾಯ.'

ಕರ್ತವ್ಯಪಾಲನೆಯನ್ನು ವೀಕ್ಷಿಸಲು ಜಲೀಲ್ ಕೂಡ ಅಬುಧಾಬಿಗೆ ಹೋದರು. ತೀರ್ಪುಗಾರರು ಹೆಲ್ಮೆಟ್ ತೆಗೆಯಲು ಹೇಳಿದಾಗ ಲಿಗಾಯಾ ಕಂಗಾಲಾಗಿ ಜಲೀಲ್ ಕಡೆ ನೋಡಿದರು. ಜಲೀಲ್ ಅದನ್ನು ಇಸಿದುಕೊಂಡು ತಾವೂ ಹಾಕಿಕೊಂಡು ಬಂದಿದ್ದ ಹೆಲ್ಮೆಟ್ಟಿನ ಮೇಲೆ ಇಟ್ಟುಕೊಂಡರು.

"ಈಗ ನಿಮ್ಮದೂ ಆಯಿತು, ನನ್ನದೂ ಆಯಿತು. ಯಲ್ಲಾ, ಹೊರಡಿ ಸಿಸ್ಟರ್, ಯಾರಾದರೂ ಎಡವುವ ಮೊದಲು ತೆಗೆಯಿರಿ!"

ನೂರ ಐದು ಕಿಲೋ. ಎದೆಯವರೆಗೆ ಬಂದು ನಿಂತಿತು. ಹಳೆಯ ಮೊಣಕಾಲು ನಡುಗಿತು. ಲಿಗಾಯಾ ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ತಲೆಯ ಮೇಲಕ್ಕೆ ಒಯ್ದು ನಿಂತರು. ತೀರ್ಪುಗಾರರ ಒಪ್ಪಿಗೆಯ ಮೂರು ಬಿಳಿ ದೀಪ ಹತ್ತಿದವು. ಕಬ್ಬಿಣವನ್ನು ಧಡಾರೆಂದು ಕೈಬಿಟ್ಟು ಅಲ್ಲೇ ಕುಸಿದು ಅತ್ತರು. ಕಂಚಿನ ಪದಕ ಬಂತು.

ಮರುದಿನ ತಿಲಕ್ ಒಂದು ಕೈಯಲ್ಲಿ ಹೂಗುಚ್ಛವನ್ನೂ ಇನ್ನೊಂದು ಕೈಯಲ್ಲಿ ನೋಟಿಸನ್ನೂ ಹಿಡಿದು ಸ್ವಾಗತಿಸಿದರು. ಎತ್ತರದಲ್ಲಿ ಇರಿಸಿದ ವಸ್ತು ಕೆಳಗೆ ಬಿದ್ದದ್ದು ಅಪಘಾತ. ಕಾರಣ ಕೇಳಿದಾಗ ಲಿಗಾಯಾ, "ಇಡಲು ಅಲ್ಲಿ ಕಪಾಟು ಇರಲಿಲ್ಲ ಸರ್," ಎಂದರು. ವಿವರಣೆ ತೃಪ್ತಿಕರವೆಂದು ಸಮಿತಿ ಒಪ್ಪಿತು. ಆದರೂ ಉಳಿದವರಿಗೆ ಪಾಠವಾಗಲೆಂದು, ಅವರು ಭಾರ ಎತ್ತಿ ನಿಂತ ಫೋಟೋದ ಮೇಲೆ ದೊಡ್ಡ ಕೆಂಪು ಅಡ್ಡಗೀಟುಗಳನ್ನು ಹಾಕಿ, 'ಹೀಗೆ ಎತ್ತಬಾರದು' ಎಂದು ಪೋಸ್ಟರ್ ಮಾಡಿಸಲಾಯಿತು.

ಪೋಸ್ಟರ್ ನಮ್ಮ ಮಸ್ಕತ್, ದೋಹಾ ಶಾಖೆಗಳಿಗೆ ಹೋಯಿತು. ಲಿಗಾಯಾ ಅಷ್ಟು ದೇಶಗಳಿಗೆ ಒಮ್ಮೆಲೇ ಹೋದದ್ದು ಅದೇ ಮೊದಲು. ಲೋಡಿಂಗ್ ಕೆಲಸದವರು ಅದರ ಮೇಲೆ ಅವರ ಸಹಿ ಕೇಳಿ ಪಡೆದರು. ತಿಲಕ್ ಕೂಡ ಮಗಳಿಗೆಂದು ಒಂದು ತೆಗೆದುಕೊಂಡರು.

ಊರಿನಲ್ಲಿ ಲಿಗಾಯಾರ ತಾಯಿ, ಮಗಳು ಕಳಿಸಿದ ಪೋಸ್ಟರಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಆ ಕೆಂಪು ಗೀಟು ಏನೆಂದು ನೆರೆಯವರು ಕೇಳಿದರೆ, "ಅದು ಸ್ಪಾನ್ಸರ್ ಕಂಪನಿಯ ಗುರುತು," ಎನ್ನುತ್ತಾರೆ.